ದೂರಕ್ಕೋ ಹತ್ತಿರಕ್ಕೋ: ಕ್ವಾರ್ಟರ್‌ಬ್ಯಾಕ್ ತನ್ನ ಎಸೆತವನ್ನು ಆಯುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು, ಅದನ್ನು ಎಸೆಯುವವನಾದ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬಂದ ಮೇಲೆ ತೀರ್ಮಾನಕ್ಕೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರೊಳಗೆ 40 ಗಜ ಆಚೆಗೆ ಓಡುತ್ತಿರುವವನಿಗೆ ಎಸೆಯಬೇಕೋ, 5 ಗಜದಲ್ಲಿ ತಿರುಗಿ ನಿಂತವನ ಎದೆಗೆ ಕೊಡಬೇಕೋ ಎಂದು ಆಯ್ಕೆ ಮಾಡಬೇಕು. ನೋಡುವವರು ಮೊದಲನೆಯದಕ್ಕೆ ಧೈರ್ಯ ಎಂದೂ ಎರಡನೆಯದಕ್ಕೆ ಜಾಗ್ರತೆ ಎಂದೂ ಹೆಸರಿಟ್ಟುಬಿಡುತ್ತಾರೆ. ಈ ಹೆಸರುಗಳೇ ದಾರಿ ತಪ್ಪಿಸುತ್ತವೆ. ಎಷ್ಟನೇ ಡೌನ್ (10 ಗಜ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಎಷ್ಟನೆಯದು), ಎಷ್ಟು ಗಜ ಬೇಕು, ಹಿಂದೆ ಆಳ ಕಾಯುವ ಎದುರಾಳಿ ರಕ್ಷಕರಾದ ಸೇಫ್ಟಿಗಳು ಎಷ್ಟು ಜನ ನಿಂತಿದ್ದಾರೆ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂದಿನ ಲೈನ್ ಎಷ್ಟು ಹೊತ್ತು ತಡೆದು ನಿಲ್ಲುತ್ತದೆ ಎಂಬುದಕ್ಕೆ ಹೊಂದದ ಎಸೆತ ಯಾವುದೇ ಆಗಲಿ, ಅದು ಅಪಾಯದ ಎಸೆತ. ಗಿಡ್ಡ ಎಸೆತವೂ ಪಂದ್ಯ ಕಳೆಯಬಲ್ಲದು, ಉದ್ದನೆಯದೂ ವಿವೇಕದ ಆಯ್ಕೆಯಾಗಬಲ್ಲದು.

ಅಳತೆಯ ಮಾತು ಮೊದಲು. ಸ್ಕ್ರಿಮೇಜ್ ಗೆರೆಯಿಂದ, ಅಂದರೆ ಚೆಂಡು ಇಟ್ಟ ಜಾಗದಿಂದ, 20 ಗಜ ಅಥವಾ ಅದಕ್ಕೂ ಆಚೆ ಹೋಗುವುದನ್ನು ವಿಶ್ಲೇಷಕರು ಸಾಮಾನ್ಯವಾಗಿ ದೂರದ ಎಸೆತ ಎನ್ನುತ್ತಾರೆ. 10 ಗಜದೊಳಗಿನದು ಗಿಡ್ಡದು, ನಡುವಿನದು ಮಧ್ಯಮ. ಆದರೆ ಶಾಟ್‌ಗನ್ ಎಂಬ ಜೋಡಣೆಯಲ್ಲಿ ಕ್ವಾರ್ಟರ್‌ಬ್ಯಾಕ್ ಗೆರೆಯಿಂದ ಸುಮಾರು 5 ಗಜ ಹಿಂದೆ ನಿಂತಿರುತ್ತಾನೆ, ಚೆಂಡು ಹಿಡಿದ ಮೇಲೆ ಇನ್ನೂ ಹಿಂದೆ ಸರಿಯುತ್ತಾನೆ. ಕಾಗದದ ಮೇಲೆ 40 ಗಜ ಎಂದು ಬರೆದದ್ದು ಗಾಳಿಯಲ್ಲಿ 48 ಗಜ ಹಾರಬೇಕು. ತೋಳಿನ ಅಳತೆ ತಿಳಿಯದೆ ದೂರದ ಆಟ ಬರೆದುಕೊಡುವ ತರಬೇತುದಾರರು ಮೊದಲು ಎಡವುವುದು ಇಲ್ಲೇ.

ಲೆಕ್ಕ ಏನು ಹೇಳುತ್ತದೆ

ಅನುಕೂಲಕ್ಕೆ ಒಂದು ಲೆಕ್ಕ ಹಾಕೋಣ. ಹತ್ತು ದೂರದ ಎಸೆತಗಳಲ್ಲಿ ನಾಲ್ಕು ಕೈಸೇರಿ, ಒಂದೊಂದೂ 32 ಗಜ ತಂದರೆ ಎಸೆತಕ್ಕೆ 12.8 ಗಜ ಸಿಕ್ಕಂತೆ. ಹತ್ತು ಗಿಡ್ಡ ಎಸೆತಗಳಲ್ಲಿ ಏಳು ಕೈಸೇರಿ, ಹಿಡಿದ ಮೇಲಿನ ಓಟವೂ ಸೇರಿ ಒಂದೊಂದಕ್ಕೆ 8 ಗಜ ಬಂದರೆ ಎಸೆತಕ್ಕೆ 5.6 ಗಜ. ಹಾಗಾದರೆ ಯಾವಾಗಲೂ ದೂರಕ್ಕೇ ಎಸೆದರಾಯಿತಲ್ಲ? ಆಗುವುದಿಲ್ಲ. ಹತ್ತಕ್ಕೆ ನಾಲ್ಕು ಎಂಬ ಈ ಪ್ರಮಾಣ ಉಳಿಯುವುದು ಆ ಎಸೆತ ಅಪರೂಪವಾಗಿರುವ ತನಕ ಮಾತ್ರ. ಸತತ ನಾಲ್ಕು ಸಲ ಬಂತೆಂದರೆ ಎದುರಾಳಿ ಸೇಫ್ಟಿಗಳು ಐದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ, ಮುಂದಿನ ಸಾಲಿನವರು ಓಟದ ಆಟದ ಚಿಂತೆ ಬಿಟ್ಟು ನೇರ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಅಲ್ಲದೆ ದೂರದ ಎಸೆತಕ್ಕೆ ಚೆಂಡನ್ನು ಒಂದು ಸೆಕೆಂಡು ಹೆಚ್ಚು ಹೊತ್ತು ಕೈಯಲ್ಲಿ ಇಟ್ಟುಕೊಳ್ಳಬೇಕು. ಆ ಒಂದು ಸೆಕೆಂಡಿನಲ್ಲಿ ಆಗುವ ಸ್ಯಾಕ್‌ಗಳು (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಎಸೆತದ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಚೆಂಡು ಕೈಬಿಡಲೇ ಇಲ್ಲವಲ್ಲ.

ಗಿಡ್ಡ ಎಸೆತದ ಕಡೆಗೂ ಕಾಣದ ಖರ್ಚೊಂದಿದೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಇಲ್ಲಿ ಅರ್ಧ ಮಾತ್ರ ನಿಜ, ಏಕೆಂದರೆ ನಡುವೆ ಒಂದು ಹನಿ ತಪ್ಪಿದರೂ ಹಳ್ಳ ಬತ್ತುತ್ತದೆ. ತಂಡ ತನ್ನದೇ 25ನೇ ಗಜದಲ್ಲಿದೆ, ಟಚ್‌ಡೌನ್‌ಗೆ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸಲು, 75 ಗಜ ಬೇಕು ಎನ್ನಿ. ಬರೀ ಗಿಡ್ಡ ಎಸೆತಗಳಲ್ಲಿ ಹೋಗುವುದಾದರೆ ಆರೇಳು ಬಾರಿ ಹೊಸ ಫಸ್ಟ್ ಡೌನ್ (10 ಗಜ ಮುಗಿಸಿ ಮತ್ತೆ ನಾಲ್ಕು ಅವಕಾಶ) ಗಳಿಸಬೇಕು. ಪ್ರತಿ ಸಲ ಗಳಿಸುವ ಸಾಧ್ಯತೆ 70 ಶೇಕಡಾ ಇದ್ದರೂ, ಸತತ ಆರು ಸಲ ಗಳಿಸುವುದು 12 ಶೇಕಡಾಕ್ಕಿಂತ ಕಡಿಮೆ. ಒಂದು ಹೋಲ್ಡಿಂಗ್ ದಂಡ, ಕೈಜಾರಿದ ಒಂದು ಸುಲಭದ ಕ್ಯಾಚ್, ಇಷ್ಟು ಸಾಕು ಸರಪಳಿ ತುಂಡಾಗಲು. ನಡುವೆ 35 ಗಜದ ಒಂದೇ ಎಸೆತ ಕೈಸೇರಿದರೆ ಮೂರು ಕೊಂಡಿಗಳ ಕೆಲಸ ಉಳಿಯಿತು. ದೂರದ ಎಸೆತದ ನಿಜವಾದ ಬೆಲೆ ಇದು: ತಪ್ಪು ಮಾಡುವ ಅವಕಾಶಗಳನ್ನೇ ಅದು ಕಡಿಮೆ ಮಾಡುತ್ತದೆ.

ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಇದಕ್ಕೆ ಇನ್ನೊಂದು ಲಾಭ ಕೂಡುತ್ತದೆ. ಚೆಂಡು ಗಾಳಿಯಲ್ಲಿರುವಾಗ ರಕ್ಷಣಾ ಆಟಗಾರ, ಚೆಂಡು ಹಿಡಿಯಬೇಕಾದ ರಿಸೀವರ್‌ನನ್ನು ಅಡ್ಡಗಟ್ಟಿದರೆ ಅದು ಪಾಸ್ ಇಂಟರ್‌ಫಿಯರೆನ್ಸ್. ದಂಡವಾಗಿ ಚೆಂಡು ನೇರ ಆ ಜಾಗಕ್ಕೇ ಹೋಗುತ್ತದೆ, ಜೊತೆಗೆ ಫಸ್ಟ್ ಡೌನ್. 40 ಗಜದಲ್ಲಿ ತಪ್ಪಾದರೆ 40 ಗಜ. ಕೊನೆಯ ಗೆರೆಯ ಆಚೆಗಿನ ಎಂಡ್ ಝೋನ್ ಒಳಗಾದರೆ 1ನೇ ಗಜದ ಗೆರೆಯಲ್ಲಿ ಚೆಂಡು. ಕಾಲೇಜು ಆಟದಲ್ಲಿ ಈ ದಂಡ 15 ಗಜ ಮೀರುವುದಿಲ್ಲ. ಆದ್ದರಿಂದ ಒಂದೇ ಎಸೆತ ವೃತ್ತಿಪರ ಲೀಗಿನಲ್ಲಿ ಹೆಚ್ಚು ಬೆಲೆ ಬಾಳುತ್ತದೆ, ಕಾಲೇಜಿನಲ್ಲಿ ಸ್ವಲ್ಪ ಕಡಿಮೆ.

ಚೆಂಡು ಎದುರಾಳಿಗೆ ಸಿಕ್ಕರೆ ಎಷ್ಟು ನಷ್ಟ

ಎಲ್ಲ ಇಂಟರ್‌ಸೆಪ್ಷನ್‌ಗಳೂ ಒಂದೇ ತೂಕದವಲ್ಲ. ಅಂಕಿಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ, ಅಷ್ಟೆ.

ಮೂರನೇ ಡೌನ್, ಇನ್ನೂ 14 ಗಜ ಬೇಕು, ತಂಡ ತನ್ನದೇ 30ನೇ ಗಜದಲ್ಲಿದೆ. 45 ಗಜ ದೂರ ಎಸೆದದ್ದು ಎದುರಾಳಿಯ ಕೈಗೆ ಬಿತ್ತು, ಅವನನ್ನು ಅಲ್ಲೇ ಕೆಡವಿದರು. ನಷ್ಟವೆಷ್ಟು? ಎಸೆತ ನೆಲಕ್ಕೆ ಬಿದ್ದಿದ್ದರೆ ಮುಂದಿನ ಆಟ ಪಂಟ್, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು. ಪಂಟ್ ಒದ್ದರೂ ಎದುರಾಳಿಗೆ ಚೆಂಡು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸಿಗುತ್ತಿತ್ತು. ಇಂಥ ಹೊತ್ತಿನಲ್ಲಿ ದೂರದ ಎಸೆತ ಬಹುತೇಕ ಖರ್ಚಿಲ್ಲದ ಪ್ರಯತ್ನ.

ಈಗ ಗಿಡ್ಡ ಎಸೆತ ನೋಡಿ. ಮೊದಲ ಡೌನ್‌ನಲ್ಲೇ ಬದಿಯ ಗೆರೆಯ ಕಡೆಗೆ 6 ಗಜದ ಔಟ್ ರೂಟ್ (ರೂಟ್ ಎಂದರೆ ರಿಸೀವರ್ ಓಡುವ ದಾರಿ). ಎಸೆಯಲು ಅರ್ಧ ಸೆಕೆಂಡು ತಡವಾಯಿತು. ಬದಿಯ ರಿಸೀವರ್‌ನನ್ನು ಕಾಯುವ ಕಾರ್ನರ್ ಆಟಗಾರ ಮುಂದಕ್ಕೆ ಓಡಿಬರುತ್ತಲೇ, ಕಣ್ಣು ಚೆಂಡಿನ ಮೇಲಿಟ್ಟುಕೊಂಡೇ ಅದನ್ನು ಕಸಿಯುತ್ತಾನೆ. ಅವನ ಮುಂದೆ ಬಯಲು. ಹಿಡಿಯಲು ಉಳಿದವನು ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಕಸಿದ ಚೆಂಡು ನೇರ ಟಚ್‌ಡೌನ್ ಆಗುವ ಪಿಕ್-ಸಿಕ್ಸ್‌ಗಳ ಹಿಂದೆ ತಡವಾದ ಔಟ್ ರೂಟ್ ಮತ್ತು ಫ್ಲಾಟ್ (ಗೆರೆಯ ಹತ್ತಿರ, ಬದಿಯ ಜಾಗ) ಎಸೆತಗಳು ಮತ್ತೆ ಮತ್ತೆ ಕಾಣಿಸುವುದು ಇದೇ ಕಾರಣಕ್ಕೆ. ದೂರದಲ್ಲಿ ಕಸಿದವನ ಮುಂದೆ ಇಡೀ ತಂಡ ಅಡ್ಡ ನಿಂತಿರುತ್ತದೆ, ಹತ್ತಿರದಲ್ಲಿ ಕಸಿದವನ ಮುಂದೆ ಯಾರೂ ಇರುವುದಿಲ್ಲ.

ಗಿಡ್ಡ ಎಸೆತ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ 2015ರ ಫೆಬ್ರವರಿ 1ರ ಆಟಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಿಯಾಟಲ್ ಸೀಹಾಕ್ಸ್ ನಾಲ್ಕು ಅಂಕ ಹಿಂದಿದೆ, ಚೆಂಡು 1 ಗಜದ ಗೆರೆಯಲ್ಲಿದೆ, ಉಳಿದದ್ದು ಅರ್ಧ ನಿಮಿಷಕ್ಕೂ ಕಡಿಮೆ. ರಸೆಲ್ ವಿಲ್ಸನ್ ಒಳಗಡೆಗೆ ಓರೆಯಾಗಿ ಹೋಗುವ ಸ್ಲಾಂಟ್‌ಗೆ ಎಸೆದರು. ಆಟದಲ್ಲಿ ಅದಕ್ಕಿಂತ ಗಿಡ್ಡದು ಸಿಗುವುದು ಕಷ್ಟ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಆ ಜೋಡಣೆಯನ್ನು ಅಭ್ಯಾಸದಲ್ಲೇ ಕಂಡಿದ್ದರು. ರಿಸೀವರ್‌ಗಿಂತ ಮೊದಲೇ ಆ ಜಾಗಕ್ಕೆ ನುಗ್ಗಿ ಕಸಿದರು, ಪೇಟ್ರಿಯಟ್ಸ್ 28–24ರಲ್ಲಿ ಗೆದ್ದಿತು. ಓಟದ ಆಟ ಬಿಟ್ಟು ಎಸೆದದ್ದೇ ತಪ್ಪೆಂದು ಇಂದಿಗೂ ವಾದ ನಡೆಯುತ್ತದೆ. ನಮ್ಮ ಮಟ್ಟಿಗೆ ಅಲ್ಲಿ ಕೆಟ್ಟದ್ದು ಬೇರೆಯೇ: 1 ಗಜದಲ್ಲಿ ಮೈದಾನವೆಲ್ಲ ಕುಗ್ಗಿ ಹನ್ನೊಂದು ರಕ್ಷಕರೂ ಹತ್ತು ಗಜದೊಳಗೆ ತುಂಬಿಕೊಂಡಿರುವಾಗ, ನಡುವಿನ ಕಡೆಗೆ ಎಸೆದ ಚೆಂಡಿಗೆ ತಪ್ಪಲು ಜಾಗವೇ ಇರುವುದಿಲ್ಲ.

ಇದಕ್ಕೆ ಎದುರಾಗಿ 2020ರ ಫೆಬ್ರವರಿ 2ರ ಸೂಪರ್ ಬೌಲ್ ಇಡಬಹುದು. ಕಾನ್ಸಾಸ್ ಸಿಟಿ ಚೀಫ್ಸ್ 20–10ರಲ್ಲಿ ಹಿಂದಿತ್ತು, ಆಟದಲ್ಲಿ ಸುಮಾರು 7 ನಿಮಿಷ ಉಳಿದಿತ್ತು, ಮೂರನೇ ಡೌನ್‌ಗೆ 15 ಗಜ ಬೇಕಿತ್ತು. ಪ್ಯಾಟ್ರಿಕ್ ಮಹೋಮ್ಸ್ ತುಂಬಾ ಹಿಂದೆ ಸರಿದು ಎಡಗಡೆಗೆ ಎಸೆದ ಚೆಂಡನ್ನು ಟೈರೀಕ್ ಹಿಲ್ ಹಿಡಿದಾಗ 44 ಗಜ ಸಿಕ್ಕಿತ್ತು. ತಂಡ 31–20ರಲ್ಲಿ ಗೆದ್ದಿತು. ಅಲ್ಲಿ 6 ಗಜದ ಎಸೆತ ಕೈಸೇರಿದ್ದರೂ ಮುಂದಿನದು ಪಂಟ್ ಅಥವಾ ನಾಲ್ಕನೇ ಡೌನ್‌ನ ಪರದಾಟ. 15 ಗಜ ಬೇಕಾದಾಗ 6 ಗಜ ಕೊಡುವ ಎಸೆತಕ್ಕೆ ಸುರಕ್ಷಿತ ಎಂಬ ಹೆಸರು ಒಪ್ಪುವುದಿಲ್ಲ.

ಮೊದಲು ಸೇಫ್ಟಿಗಳನ್ನು ಎಣಿಸಿ

ಚೆಂಡು ಕೈಗೆ ಬರುವ ಮೊದಲು ಕ್ವಾರ್ಟರ್‌ಬ್ಯಾಕ್ ಮಾಡಬೇಕಾದ ಮೊದಲ ಕೆಲಸ, ಹಿಂದೆ ಆಳದಲ್ಲಿ ಎಷ್ಟು ಸೇಫ್ಟಿಗಳು ನಿಂತಿದ್ದಾರೆ ಎಂದು ಎಣಿಸುವುದು.

ನಡುವೆ ಒಬ್ಬನೇ ನಿಂತಿದ್ದರೆ ಅದು ಸಾಮಾನ್ಯವಾಗಿ ಕವರ್ 1 ಅಥವಾ ಕವರ್ 3 (ಅಂಕಿ ಎಂದರೆ ಆಳ ಕಾಯುವ ರಕ್ಷಕರ ಸಂಖ್ಯೆ). ಕವರ್ 1ರಲ್ಲಿ ಬದಿಯ ರಿಸೀವರ್‌ಗೆ ಎದುರಾಗಿ ಒಬ್ಬನೇ ಕಾರ್ನರ್. ನಡುವಿನ ಸೇಫ್ಟಿ ಬದಿಯ ಗೆರೆಯವರೆಗೆ ಓಡಿಬರುವಷ್ಟರಲ್ಲಿ ಚೆಂಡು ಬಿದ್ದಿರುತ್ತದೆ. ನೇರ ಓಡುವ ಗೋ ರೂಟ್‌ಗೆ ಇದೇ ಸರಿಯಾದ ಹೊತ್ತು. ಕವರ್ 3ರಲ್ಲಿ ಮೂವರು ಆಳವನ್ನು ಹಂಚಿಕೊಳ್ಳುತ್ತಾರೆ. ಅವರ ನಡುವಿನ ಎರಡು ಸಂದುಗಳಲ್ಲಿ ಇಬ್ಬರು ಒಟ್ಟಿಗೆ ಓಡಿದರೆ ನಡುವಿನ ಸೇಫ್ಟಿ ಒಬ್ಬನನ್ನು ಬಿಡಲೇಬೇಕು. ಹತ್ತಿರದಲ್ಲಿ, ಬದಿಯ ಫ್ಲಾಟ್ ಜಾಗವೂ ಅಲ್ಲಿ ತೆರೆದಿರುತ್ತದೆ.

ಇಬ್ಬರು ಆಳದಲ್ಲಿದ್ದರೆ ಕವರ್ 2 ಅಥವಾ ಕವರ್ 4. ನಾಲ್ವರು ಆಳ ಕಾಯುವ ಕವರ್ 4ಕ್ಕೆ ಎದುರು ದೂರ ಎಸೆಯುವುದು ಬಂಡೆಗೆ ತಲೆ ಚಚ್ಚಿದಂತೆ. ಅದು ಹತ್ತಿರದ ಗಜಗಳನ್ನು ತಾನಾಗಿಯೇ ಬಿಟ್ಟುಕೊಡುತ್ತದೆ, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಕವರ್ 2ರಲ್ಲಿ ಮಾತ್ರ ಒಂದು ಕಿಟಕಿ ಇದೆ: ಬದಿಯ ಗೆರೆಯ ಪಕ್ಕ, ಕಾರ್ನರ್‌ನ ಹಿಂದೆ, ಸೇಫ್ಟಿಯ ಮುಂದೆ, ಸುಮಾರು 18ರಿಂದ 22 ಗಜದಲ್ಲಿ. ಚೆಂಡು ಚೂಪಾಗಿ ಹೋಗಬೇಕು. ಮೇಲಕ್ಕೆ ತೇಲಿಸಿದರೆ ಸೇಫ್ಟಿ ಬಂದು ರಿಸೀವರ್‌ನ ಪಕ್ಕೆಲುಬಿಗೆ ಗುದ್ದುತ್ತಾನೆ. 2012ರ ಸೂಪರ್ ಬೌಲ್‌ನಲ್ಲಿ ಈಲೈ ಮ್ಯಾನಿಂಗ್ ಎಡಬದಿಯ ಗೆರೆಯ ಪಕ್ಕ, ಕಾರ್ನರ್‌ಗೂ ಸೇಫ್ಟಿಗೂ ನಡುವೆ ಮಾರಿಯೋ ಮ್ಯಾನಿಂಗ್‌ಹ್ಯಾಮ್‌ಗೆ ಕೊಟ್ಟ 38 ಗಜದ ಎಸೆತವನ್ನು ಮತ್ತೆ ನೋಡಿ. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ದೂರದಿಂದ ಚೆಂಡು ಇಟ್ಟ ರೀತಿ ಕಲಿಯುವವರಿಗೆಲ್ಲ ಪಾಠ.

ಎಣಿಸಿದ್ದನ್ನೇ ನಂಬಿ ಕೂರುವಂತಿಲ್ಲ. ಚೆಂಡು ಹೊರಟ ಕ್ಷಣ ಒಬ್ಬ ಸೇಫ್ಟಿ ಕೆಳಗಿಳಿದು ಇನ್ನೊಬ್ಬ ನಡುವಿಗೆ ಸರಿಯುವುದು ಇಂದಿನ ಎಲ್ಲ ತಂಡಗಳ ಮಾಮೂಲಿ ಆಟ. ಆದ್ದರಿಂದ ಹಿಂದೆ ಸರಿಯುವ ಮೊದಲ ಮೂರು ಹೆಜ್ಜೆಗಳಲ್ಲಿ ಕಣ್ಣು ಸೇಫ್ಟಿಯ ಮೇಲಿರಬೇಕು, ರಿಸೀವರ್ ಮೇಲಲ್ಲ. ಎಲ್ಲಿಗೆ ಎಸೆಯುತ್ತೀರೋ ಅತ್ತಲೇ ನೋಡುತ್ತಿದ್ದರೆ ಸೇಫ್ಟಿ ನಿಮ್ಮ ಹೆಲ್ಮೆಟ್ ತಿರುಗಿದ ದಿಕ್ಕಿಗೇ ಓಡುತ್ತಾನೆ. ದೂರದ ಎಸೆತಗಳು ಕಸಿಯಲ್ಪಡುವುದಕ್ಕೆ ತೋಳಿನ ದೌರ್ಬಲ್ಯಕ್ಕಿಂತ ಈ ಕಣ್ಣಿನ ತಪ್ಪೇ ಹೆಚ್ಚು ಕಾರಣ.

ಹೆಜ್ಜೆ, ಹೊತ್ತು, ಗುರಿ

ದೂರದ ಎಸೆತದಲ್ಲಿ ಹೊಸಬರಿಗೆ ನಂಬಲು ಕಷ್ಟವಾಗುವ ಸಂಗತಿ ಒಂದಿದೆ: ರಿಸೀವರ್ ಬಿಡುವಾಗಿ ಕಾಣುವ ಮೊದಲೇ ಚೆಂಡು ಕೈಬಿಡಬೇಕು. 45 ಗಜ ಹಾರುವ ಚೆಂಡು ಗಾಳಿಯಲ್ಲಿ ಸುಮಾರು ಎರಡೂವರೆ ಸೆಕೆಂಡು ಇರುತ್ತದೆ. ಅಷ್ಟರಲ್ಲಿ ಪೂರ್ತಿ ವೇಗದ ರಿಸೀವರ್ 22–23 ಗಜ ಓಡಿರುತ್ತಾನೆ. ಗೆರೆಯಿಂದ 37 ಗಜದಲ್ಲಿ ಅವನ ಕೈಗೆ ಬೀಳಬೇಕಾದರೆ, ಅವನು 14–15ನೇ ಗಜದಲ್ಲಿದ್ದಾಗಲೇ ಎಸೆಯಬೇಕು. ಆಗ ಅವನು ಕಾರ್ನರ್‌ನ ಭುಜಕ್ಕೆ ಸಮನಾಗಿರುತ್ತಾನಷ್ಟೆ, ದಾಟಿರುವುದಿಲ್ಲ. ಸಮನಾಗಿದ್ದಾನೆ ಎಂದರೆ ದಾಟುತ್ತಾನೆ ಎಂದು ನಂಬಿ ಬಿಡಬೇಕು. ದಾಟಿದ ಮೇಲೆ ನೋಡಿ ಎಸೆದರೆ ಚೆಂಡು ಹಿಂದೆ ಬೀಳುತ್ತದೆ, ರಿಸೀವರ್ ನಿಂತು ಕಾಯಬೇಕಾಗುತ್ತದೆ, ಕಾರ್ನರ್ ಬಂದು ಸೇರುತ್ತಾನೆ.

ಇದಕ್ಕೆ ಶಾಟ್‌ಗನ್‌ನಿಂದ ಮೂರು ಹೆಜ್ಜೆ ಹಿಂದೆ, ಆಮೇಲೆ ಮುಂದಕ್ಕೊಂದು ಪುಟ್ಟ ಹೆಜ್ಜೆ ಸಾಕು. ಚೆಂಡು ಹಿಂದಕ್ಕೆ ಕೊಡುವ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ತೆಗೆದುಕೊಂಡರೆ ಐದು ಅಥವಾ ಏಳು ಹೆಜ್ಜೆ. ಮುಂದಿನ ಭುಜ ಸ್ವಲ್ಪ ಮೇಲೆ, ತೂಕ ಹಿಂಗಾಲಿನಿಂದ ಮುಂಗಾಲಿಗೆ. ಗೋ ರೂಟ್‌ನಲ್ಲಿ ಚೆಂಡು ಬದಿಯ ಗೆರೆಯಿಂದ 4–5 ಗಜ ಒಳಗೆ, ರಿಸೀವರ್‌ನ ಹೊರಭುಜದ ಮೇಲೆ ಬೀಳಬೇಕು. ಅದಕ್ಕಾಗಿಯೇ ರಿಸೀವರ್ ಓಡುವಾಗ ಗೆರೆಯ ಪಕ್ಕ ಆ ಜಾಗ ಬಿಟ್ಟುಕೊಂಡಿರಬೇಕು. ತಪ್ಪುವುದಿದ್ದರೆ ಮುಂದಕ್ಕೆ, ಹೊರಕ್ಕೆ ತಪ್ಪಲಿ. ಚೆಂಡು ನೆಲಕ್ಕೆ ಬೀಳುತ್ತದೆ, ಅಷ್ಟೇ ನಷ್ಟ. ನಡುವಿಗೆ ಬಾಗುವ ಪೋಸ್ಟ್ ರೂಟ್‌ನಲ್ಲಿ ಈ ನಿಯಮ ತಿರುಗುಮುರುಗು: ಹೆಚ್ಚು ದೂರ ಹೋದ ಚೆಂಡು ಆಚೆ ಬದಿಯ ಸೇಫ್ಟಿಯ ತೋಳಿಗೆ ಸೇರುತ್ತದೆ.

ಗಿಡ್ಡ ಎಸೆತದಲ್ಲಿ ಆಟವೆಲ್ಲ ಹೆಜ್ಜೆಯ ಲಯದಲ್ಲಿದೆ. ಶಾಟ್‌ಗನ್‌ನಿಂದ ಒಂದೇ ಹೆಜ್ಜೆ, ಸೆಂಟರ್‌ನ ಬೆನ್ನಿಂದಾದರೆ ಮೂರು. ಕೊನೆಯ ಹೆಜ್ಜೆ ನೆಲ ಮುಟ್ಟಿದೊಡನೆ ಚೆಂಡು ಹೊರಟಿರಬೇಕು, ಎರಡು ಸೆಕೆಂಡಿನೊಳಗೆ. ಸ್ಲಾಂಟ್‌ಗೆ ಮುಂದಿನ ಎದೆಯ ಅಂಕಿಯೇ ಗುರಿ. ಒಂದು ಅಡಿ ಹಿಂದೆ ಬಿದ್ದರೆ ರಿಸೀವರ್ ಓಟ ನಿಲ್ಲಿಸಿ ತಿರುಗಬೇಕು. ಹಿಡಿದ ಮೇಲಿನ ಓಟವೇ ಈ ಎಸೆತದ ಅರ್ಧ ಗಳಿಕೆ, ಅದು ಹೋಯಿತು. ಒಂದು ಅಡಿ ಎತ್ತರವಾದರೆ ಬೆರಳಿಗೆ ತಾಗಿ ಚೆಂಡು ಮೇಲಕ್ಕೆ ಚಿಮ್ಮುತ್ತದೆ, ಸುತ್ತ ನಿಂತ ಲೈನ್‌ಬ್ಯಾಕರ್‌ಗಳಿಗೆ (ಮುಂದಿನ ಸಾಲಿನ ಹಿಂದೆ ನಿಲ್ಲುವ ರಕ್ಷಕರಿಗೆ) ಅದು ಸುಲಭದ ತುತ್ತು. ಔಟ್ ರೂಟ್‌ಗೆ ತಗ್ಗಿನಲ್ಲಿ, ಹೊರಗಡೆಗೆ. ಕರ್ಲ್ ರೂಟ್‌ಗೆ ರಿಸೀವರ್ ತಿರುಗುವ ಮೊದಲೇ ಎಸೆದಿರಬೇಕು. ಔಟ್ ರೂಟ್ ತಡವಾಯಿತು ಎನ್ನಿಸಿದರೆ ಎಸೆಯಲೇಬೇಡಿ.

ಗಾಳಿ ಬೀಸುವ ದಿನ ಅಡ್ಡಗಾಳಿಗೆ 40 ಗಜದ ಚೆಂಡು ಗಜಗಟ್ಟಲೆ ಸರಿಯುತ್ತದೆ, 6 ಗಜದ್ದಕ್ಕೆ ಏನೂ ಆಗುವುದಿಲ್ಲ. ಪಂದ್ಯಕ್ಕೆ ಮುಂಚೆ ಎರಡೂ ದಿಕ್ಕಿಗೆ ನಾಲ್ಕೈದು ದೂರದ ಎಸೆತ ಎಸೆದು ನೋಡಿಕೊಳ್ಳುವುದು ಇದಕ್ಕೇ.

ಈ ಎರಡು ದಾರಿಗಳು ಬಂದದ್ದೆಲ್ಲಿಂದ

ಮುಂದಕ್ಕೆ ಎಸೆಯುವುದು ನಿಯಮಬದ್ಧವಾದದ್ದು 1906ರಲ್ಲಿ. ಅಲ್ಲಿಂದ ಅರವತ್ತು ವರ್ಷ ಕಳೆದ ಮೇಲೂ ಎಸೆತ ಎಂದರೆ ದೂರಕ್ಕೆ ಎಂಬ ಭಾವನೆ ಗಟ್ಟಿಯಾಗಿತ್ತು. ಓಕ್ಲೆಂಡ್ ರೇಡರ್ಸ್‌ನ ಅಲ್ ಡೇವಿಸ್ ಉದ್ದ ಎಸೆತವನ್ನೇ ತಂಡದ ಗುರುತಾಗಿಸಿದರು. ಗಿಡ್ಡ ಎಸೆತವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ತರಬೇತುದಾರ ಬಿಲ್ ವಾಲ್ಷ್, ಅದೂ ಅನಿವಾರ್ಯದಿಂದ. ಸಿನ್ಸಿನ್ನಾಟಿ ಬೆಂಗಾಲ್ಸ್‌ನಲ್ಲಿ ಬಲವಾದ ತೋಳಿನ ಕ್ವಾರ್ಟರ್‌ಬ್ಯಾಕ್ ಗ್ರೆಗ್ ಕುಕ್ ಭುಜದ ಗಾಯಕ್ಕೆ ತುತ್ತಾದರು. 1970ರಲ್ಲಿ ಆಡಬೇಕಾಗಿ ಬಂದ ವರ್ಜಿಲ್ ಕಾರ್ಟರ್‌ಗೆ ಅಷ್ಟು ದೂರ ಎಸೆಯುವ ತೋಳಿರಲಿಲ್ಲ, ನಿಖರತೆ ಇತ್ತು. ಮೈದಾನದ ಉದ್ದದ ಬದಲು 53 ಗಜದ ಅಗಲವನ್ನು ಬಳಸುವ ಆಟ ಹುಟ್ಟಿದ್ದು ಹೀಗೆ. ವಾಲ್ಷ್ ಅದನ್ನು ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್‌ಗೆ ಒಯ್ದರು. 1989ರ ಜನವರಿಯ ಸೂಪರ್ ಬೌಲ್‌ನಲ್ಲಿ ಜೋ ಮೊಂಟಾನಾ ಮೂರು ನಿಮಿಷ ಚಿಲ್ಲರೆ ಉಳಿದಾಗ ಹೊರಟು 92 ಗಜ ಸಾಗಿ, 34 ಸೆಕೆಂಡು ಉಳಿದಿರುವಾಗ ಜಾನ್ ಟೇಲರ್‌ಗೆ 10 ಗಜದ ಟಚ್‌ಡೌನ್ ಎಸೆದು 20–16ರಲ್ಲಿ ಗೆಲ್ಲಿಸಿದರು. ಎದುರಾಳಿ ಅದೇ ಬೆಂಗಾಲ್ಸ್.

ಇನ್ನೊಂದು ತುದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು, 336 ಇಂಟರ್‌ಸೆಪ್ಷನ್ ಅವರ ಹೆಸರಿನಲ್ಲಿವೆ. 508 ಟಚ್‌ಡೌನ್ ಎಸೆತಗಳು, ಮೂರು ಬಾರಿ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಇವೆ. ಇದಕ್ಕೆ ಎದುರಾಗಿ, 2018ರಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ 74.4 ಶೇಕಡಾ ಎಸೆತಗಳನ್ನು ಕೈಸೇರಿಸಿದರು. ಇಬ್ಬರಲ್ಲಿ ಯಾರನ್ನು ಅನುಕರಿಸಬೇಕು ಎಂದರೆ, ಕಲಿಯುವವರಿಗೆ ನಾವು ಬ್ರೀಸ್‌ನ ಕಾಲುಗಳನ್ನು ತೋರಿಸುತ್ತೇವೆ. ಫಾರ್ವ್‌ನ ತೋಳು ಕಲಿಸಿ ಬರುವಂಥದ್ದಲ್ಲ.

ಹೊತ್ತಿಗೆ ತಕ್ಕ ಆಯ್ಕೆ

ಎರಡನೇ ಡೌನ್, 1 ಗಜ ಬೇಕು: ದೂರ ಎಸೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎದುರಾಳಿ ಓಟ ತಡೆಯಲು ಮುಂದೆ ಬಂದಿರುತ್ತಾನೆ, ತಪ್ಪಿದರೂ ಮೂರನೇ ಡೌನ್‌ನಲ್ಲಿ 1 ಗಜ ಗಳಿಸಬಹುದು. ಓಟದಂತೆ ನಟಿಸಿ ಎಸೆಯುವ ಪ್ಲೇ-ಆಕ್ಷನ್ ಇಲ್ಲಿ ಚೆನ್ನಾಗಿ ಫಲಿಸುತ್ತದೆ.

ಮೂರನೇ ಡೌನ್, 12 ಗಜ ಬೇಕು, ಚೆಂಡು ಎದುರಾಳಿಯ 35ನೇ ಗಜದಲ್ಲಿ: ಇಲ್ಲಿ ಚೆಕ್‌ಡೌನ್‌ಗೆ (ದೂರದವನನ್ನು ಬಿಟ್ಟು ಹತ್ತಿರದವನಿಗೆ ಕೊಡುವ ಎಸೆತಕ್ಕೆ) ಬೈಯುವವರು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವುದು) ಲೆಕ್ಕ ಮರೆತಿರುತ್ತಾರೆ. ಒದೆಯುವ ದೂರಕ್ಕೆ ಗೆರೆಯ ಅಂಕಿಗೆ 18 ಕೂಡಿಸಬೇಕು. ಎಂಡ್ ಝೋನ್ 10 ಗಜ, ಚೆಂಡು ನಿಲ್ಲಿಸುವುದು 7–8 ಗಜ ಹಿಂದೆ. 35ರಿಂದ 53 ಗಜದ ಒದೆತ. 6 ಗಜ ಗಳಿಸಿದರೆ 47 ಗಜದ್ದು, ಎಷ್ಟೋ ಸುಲಭ. ಸ್ಯಾಕ್ ಆದರೆ ಮೂರು ಅಂಕ ಕೈತಪ್ಪಿತು. ಇದೇ 12 ಗಜ ಸ್ವಂತ 30ನೇ ಗಜದಲ್ಲಿ ಬೇಕಾಗಿದ್ದರೆ ಮಾತು ಬೇರೆ, ಆಗ ದೂರಕ್ಕೆ ಎಸೆಯಿರಿ.

ಮುನ್ನಡೆ ಇದ್ದು ನಾಲ್ಕು ನಿಮಿಷ ಉಳಿದಾಗ ಗಿಡ್ಡದೇ ಸರಿ, ಕೈಸೇರಿದ ಎಸೆತದಲ್ಲಿ ಗಡಿಯಾರ ಓಡುತ್ತದೆ, ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಹಿಂದಿದ್ದು ಒಂದೇ ನಿಮಿಷ ಉಳಿದಿದ್ದರೆ ನಡುವಿಗೆ ಗಿಡ್ಡ ಎಸೆತ ವಿಷ. ಬದಿಯ ಗೆರೆಯ ಪಕ್ಕ 12–18 ಗಜದ್ದು ಬೇಕು. ಎದುರಾಳಿಯ 20 ಗಜದೊಳಗೆ ಹೋದ ಮೇಲೆ ದೂರದ ಆಟವೇ ಇಲ್ಲ, ಎಂಡ್ ಝೋನ್‌ನ ಹಿಂದಿನ ಗೆರೆ ಹನ್ನೆರಡನೇ ರಕ್ಷಕನಂತೆ ನಿಲ್ಲುತ್ತದೆ.

ಐದು ಜನರ ಆಟದಲ್ಲಿ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆಗೆ, ತಂಡಕ್ಕೆ ಐದು ಜನರು ಆಡುವ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ. ಅಮೆರಿಕದ ಕನ್ನಡ ಮನೆಗಳ ಮಕ್ಕಳಿಗೂ ಈ ಆಟದ ಸುಲಭದ ಬಾಗಿಲು ಇದೇ, ಏಕೆಂದರೆ ಇಲ್ಲಿ ಕೆಡವುವುದಿಲ್ಲ, ಸೊಂಟದ ಪಟ್ಟಿ ಕೀಳುವುದು. ಆದರೆ ದೊಡ್ಡ ಆಟದ ಲೆಕ್ಕ ಇಲ್ಲಿಗೆ ಹಾಗೆಯೇ ತರಬಾರದು.

ಮೈದಾನ 50 ಗಜ ಉದ್ದ, 25 ಗಜ ಅಗಲ. ಸ್ವಂತ 5ನೇ ಗಜದಿಂದ ಆರಂಭಿಸಿ ನಾಲ್ಕು ಡೌನ್‌ಗಳಲ್ಲಿ ನಡುಗೆರೆ ದಾಟಬೇಕು: 20 ಗಜ, ಡೌನ್‌ಗೆ 5 ಗಜ. ದಾಟಿದರೆ ಟಚ್‌ಡೌನ್‌ಗೆ ಇನ್ನೂ ನಾಲ್ಕು. ಅಂದರೆ 6 ಗಜದ ಎಸೆತ ಇಲ್ಲಿ ಪೂರ್ತಿ ಬೆಲೆಯದ್ದು, ದೊಡ್ಡ ಆಟದಂತೆ ಅರ್ಧ ಕೆಲಸವಲ್ಲ. ತಡೆಯುವ ಲೈನ್ ಇಲ್ಲ. ನುಗ್ಗಿಬರುವವನು 7 ಗಜ ದೂರದಿಂದ ಹೊರಡಬೇಕು. ಕ್ವಾರ್ಟರ್‌ಬ್ಯಾಕ್ 5 ಗಜ ಹಿಂದೆ ನಿಂತಿದ್ದರೆ ಅವನು 12 ಗಜ ಓಡಿಬರಲು ಎರಡು ಸೆಕೆಂಡು ಚಿಲ್ಲರೆ. 20 ಗಜದ ಎಸೆತಕ್ಕೆ ಅಷ್ಟು ಹೊತ್ತು ಸಾಲುತ್ತದೆ, ಆದರೆ ಒಂದೇ ಒಂದು ನೋಟಕ್ಕೆ ಮಾತ್ರ. ಇನ್ನೊಬ್ಬನತ್ತ ಕಣ್ಣು ತಿರುಗಿಸಲು ಉಳಿಯುವುದಿಲ್ಲ. ಆದ್ದರಿಂದ ಪ್ರತಿ ದೂರದ ಆಟದಲ್ಲೂ ಅದೇ ದೃಷ್ಟಿಯ ಸಾಲಿನಲ್ಲಿ 5 ಗಜದಲ್ಲೊಬ್ಬ ರಿಸೀವರ್ ಇರುವಂತೆ ಆಟ ಬರೆಯಿರಿ. ಸೇಫ್ಟಿ ಹಿಂದೆ ಸರಿದರೆ ಚೆಂಡು ಕೆಳಗಿನವನಿಗೆ, ಮುಂದೆ ಬಂದರೆ ಮೇಲಿನವನಿಗೆ.

ಅಭ್ಯಾಸದಲ್ಲಿ 60 ಎಸೆತಗಳಿದ್ದರೆ ಹತ್ತು ಹನ್ನೆರಡು ದೂರದವು ಸಾಕು, ತೋಳು ಚೆನ್ನಾಗಿ ಬಿಸಿಯಾದ ಮೇಲೆ. ಬದಿಯ ಗೆರೆಯಿಂದ 4 ಗಜ ಒಳಗೆ, 25 ಗಜದಲ್ಲಿ ಒಂದು ದೊಡ್ಡ ಕಸದ ಡಬ್ಬಿ ಇಟ್ಟು ಅದರೊಳಗೆ ಬೀಳಿಸುವುದನ್ನು ಕಲಿಯಲಿ. ಡಬ್ಬಿ ದಾಟಿ ಹಿಂದೆ ಬಿದ್ದವನ್ನೂ ಡಬ್ಬಿ ತಲುಪದೆ ಮುಂದೆ ಬಿದ್ದವನ್ನೂ ಬೇರೆ ಬೇರೆ ಬರೆದಿಡಿ. ಮುಂದೆಯೇ ಹೆಚ್ಚು ಬಿದ್ದಿದ್ದರೆ ತೋಳನ್ನು ದೂರುವ ಮೊದಲು ಮುಂಗಾಲಿನ ಹೆಜ್ಜೆ ನೋಡಿ. ಅದು ತೀರಾ ಉದ್ದವಾದರೆ ತೂಕ ಹಿಂದೆಯೇ ಉಳಿದುಬಿಡುತ್ತದೆ.